ರೋಸಿಲಿ ಸಿಸ್ಟರ್ ಸಾಕಿದ ಕಡಲ ಬೀಸಣಿಗೆ

ಪುತ್ತೂರಿನ ಹಾರಾಡಿಯ ಲೈನು ಮನೆಯಲ್ಲಿ ನಮಗೂ ರೋಸಿಲಿ ಸಿಸ್ಟರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಹಂಚಿನವರೆಗೆ ಏರದ ಗೋಡೆ. ಆಚೆ ಚಮಚ ಬಿದ್ದರೆ ಈಚೆ ನಮ್ಮ ಮಗಳು ತಿರುಗಿ ನೋಡುತ್ತಿದ್ದಳು. ಆರು ವರ್ಷ ಹಾಗೆ ಬದುಕಿದ್ದೇವೆ. ಆದರೂ ಅವರ ಬಗ್ಗೆ ನಿನಗೇನು ಗೊತ್ತು ಎಂದು ಯಾರಾದರೂ ಕೇಳಿದರೆ, ಅವರಿಗಿಂತ ಹೆಚ್ಚು ಅವರ ಮನೆಯ ಗಾಜಿನ ತೊಟ್ಟಿಯ ಬಗ್ಗೆಯೇ ಹೇಳಿಯೇನು.

ಅವರು ಬಂದದ್ದು ೧೯೮೨ರ ಅಕ್ಟೋಬರಿನಲ್ಲಿ. ನಾನು ಆಗ ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ನನ್ನ ಗಂಡ ಅಚ್ಚುತ ಮಾಸ್ಟ್ರು. ಪಕ್ಕದ ಮನೆಗೆ ಗಲ್ಫಿನಿಂದ ಬಂದ ನರ್ಸ್ ಬರುತ್ತಾರಂತೆ ಎಂದು ಕೇಳಿ, ಟೇಪ್ ರೆಕಾರ್ಡರು, ಮಿಕ್ಸಿ ಎಲ್ಲ ಇಳಿಯುವುದನ್ನು ನೋಡಲು ನಾನು ಜಗಲಿಯಲ್ಲೇ ಕೂತಿದ್ದೆ. ಇಳಿದದ್ದು ಒಂದು ಟ್ರಂಕು, ಒಂದು ಸೂಟ್‌ಕೇಸು, ಒಂದು ಮಡಚುವ ಕುರ್ಚಿ. ಕೊನೆಗೆ ನಲುವತ್ತರ ಗಡಿ ದಾಟಿದ, ಬಿಗಿಯಾಗಿ ಕೂದಲು ಕಟ್ಟಿದ ಹೆಂಗಸು. ನನ್ನನ್ನು ನೋಡಿ, "ಇಲ್ಲಿ ಕರೆಂಟು ಎಷ್ಟು ಹೊತ್ತು ಇರ್ತದೆ?" ಎಂದು ಕೇಳಿದರು. ನೀರಿನ ಬಗ್ಗೆ ಕೇಳಲಿಲ್ಲ, ಹಾಲಿನವನ ಬಗ್ಗೆ ಕೇಳಲಿಲ್ಲ. ನನಗೆ ವಿಚಿತ್ರವೆನಿಸಿತು.

ಅವರ ಮನೆಯವರು ಕಡಬದ ಕಡೆ. ತಂದೆ ಔತ ಕೇರಳದಿಂದ ಬಂದು ಅಲ್ಲಿ ಕಾಡು ಕಡಿದು ರಬ್ಬರ್ ಹಾಕಿದವರು. ರೋಸಿಲಿ ಹಿರಿಯ ಮಗಳು. ನರ್ಸಿಂಗ್ ಕಲಿತು ೧೯೬೯ರಲ್ಲಿ ಬಹರೈನಿಗೆ ಹೋದರು. ತಂಗಿಯರ ಮದುವೆ, ತಮ್ಮನ ಮನೆ ಎಲ್ಲ ಆದದ್ದು ಅಲ್ಲಿಂದಲೇ. ತನ್ನ ಮದುವೆಯ ಮಾತು ಪ್ರತಿ ರಜೆಯಲ್ಲೂ ಎದ್ದು, ಪ್ರತಿ ಸಲವೂ ಮುಂದಿನ ರಜೆಗೆ ಹೋಗುತ್ತಿತ್ತು. ಹದಿಮೂರು ವರ್ಷದ ಮೇಲೆ ಪೂರ್ತಿಯಾಗಿ ಊರಿಗೆ ಬಂದರೆ, ಅವರ ಕೋಣೆಯಲ್ಲಿ ಒಣಗಿದ ರಬ್ಬರ್ ಶೀಟುಗಳನ್ನು ಅಟ್ಟಿ ಇಟ್ಟಿದ್ದರು. ತಮ್ಮ ಟೋಮಿ ಒಳ್ಳೆಯವನೇ. ಆದರೆ ನೆರೆಯವರು, ನೆಂಟರು, ಕೊನೆಗೆ ಅವನ ಮಕ್ಕಳು ಕೂಡ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ವಾಪಸು ಯಾವಾಗ?" ಒಂದು ತಿಂಗಳು ಕೇಳಿಸಿಕೊಂಡು, ಪುತ್ತೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಹುಡುಕಿಕೊಂಡು, ಅವರು ನಮ್ಮ ಪಕ್ಕಕ್ಕೆ ಬಂದರು.

ಬಂದ ಎರಡನೆಯ ವಾರ ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ಚೌಕಟ್ಟು ತಂದಿಳಿಸಿದ. ಸಿಸ್ಟರ್ ಸೂಟ್‌ಕೇಸಿನಿಂದ ಅಂಟಿನ ಟ್ಯೂಬುಗಳನ್ನು ತೆಗೆದು, ಕೈಗೆ ಆಸ್ಪತ್ರೆಯ ಗ್ಲೌಸು ಹಾಕಿಕೊಂಡು, ಗಾಜುಗಳನ್ನು ತಾವೇ ಕೂರಿಸಿದರು. ಮೂರು ಅಡಿ ಉದ್ದದ ತೊಟ್ಟಿ. ಕಿಟಕಿಯಿಂದ ದೂರ, ಕೋಣೆಯ ಅತ್ಯಂತ ಕತ್ತಲೆಯ ಮೂಲೆಯಲ್ಲಿ ಅದನ್ನು ಇಟ್ಟರು. ಮೀನು ಸಾಕುವುದಾದರೆ ಬೆಳಕಿಗಿಟ್ಟರೆ ಚಂದ ಅಲ್ಲವೇ ಎಂದು ನಾನು ಕೇಳಿದೆ.

"ಮೀನಲ್ಲ ದೇವಕಿ," ಎಂದರು. ಅಷ್ಟೇ ಹೇಳಿದರು.

ಮುಂದಿನದು ಗೊತ್ತಾದದ್ದು ಅದ್ರಾಮನಿಂದ. ಅದ್ರಾಮ ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಮೀನು ತರುತ್ತಿದ್ದ ಬ್ಯಾರಿ. ವಾರಕ್ಕೆರಡು ದಿನ ಮೀನಿನ ಲಾರಿಯಲ್ಲಿ ತಾನೇ ಮಂಗಳೂರಿಗೆ, ಬೋಟು ಬಂದು ನಿಲ್ಲುವ ದಕ್ಕೆಗೆ ಹೋಗಿ ಆರಿಸಿ ತರುವವ. ಅವನ ಸೈಕಲ್ಲಿನ ಹ್ಯಾಂಡಲಿಗೆ ಒಂದು ಒಣಗಿದ, ಕೆಂಪಗಿನ, ಬಲೆಯಂತೆ ಹೆಣೆದುಕೊಂಡ ಕೊಂಬೆಯನ್ನು ಚಂದಕ್ಕೆ ಕಟ್ಟಿಕೊಂಡಿದ್ದ. ಸಿಸ್ಟರ್ ಬೂತಾಯಿ ಮೀನಿನ ಕಡೆ ನೋಡದೆ ಅದನ್ನೇ ಹಿಡಿದು ನಿಂತರು.

"ಇದು ಎಲ್ಲಿಂದ?"

"ಇದಾ? ಕಡಲ ಗಿಡ ಸಿಸ್ಟರೇ. ಬಲೆಗೆ ಸಿಕ್ಕಿ ಬರ್ತದೆ. ಬೋಟಿನವರು ಬಿಸಾಡುದು. ನಿಮಗೆ ಬೇಕಾದ್ರೆ ಗೋಣಿಯಲ್ಲಿ ತುಂಬಿಸಿ ತರ್ತೇನೆ."

"ಗೋಣಿಯಲ್ಲಿ ಬೇಡ. ಜೀವ ಇರುವಾಗ ಬೇಕು. ನೀರಿನ ಒಳಗೇ ಇರ್ಬೇಕು, ಒಂದು ಗಳಿಗೆ ಗಾಳಿಗೆ ತೆಗಿಬಾರ್ದು. ನೀರು ಕೂಡ ಆಳದ ಕಡಲಿನದ್ದು. ಹೊಳೆ ಸೇರುವಲ್ಲಿಯದ್ದು ಆಗುದಿಲ್ಲ."

ಅದ್ರಾಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. "ಗಿಡಕ್ಕೆ ಜೀವ ಎಂತದು ಸಿಸ್ಟರೇ?" ಎಂದ.

"ಗಿಡ ಅಲ್ಲ ಮಾರಾಯ. ಪ್ರಾಣಿ. ಕಡಲ ಬೀಸಣಿಗೆ ಅಂತ ಹೇಳುದು. ಒಂದಲ್ಲ, ಸಾವಿರ ಪ್ರಾಣಿ ಒಟ್ಟಿಗೆ ಇರುದು."

ಬೋಟಿನವರು ನಕ್ಕರಂತೆ, ಪುತ್ತೂರಿನವರಿಗೆ ಈಗ ಕಡಲಿನ ಕಸವೂ ಬೇಕಾಯಿತಾ ಎಂದು. ಆದರೂ ಅದ್ರಾಮನ ಬಾಯಿಯ ಬಲ ದೊಡ್ಡದು. ಎಣ್ಣೆ ಡಬ್ಬಿಗಳನ್ನು ತೊಳೆಸಿ ಆಳದ ನೀರು ತುಂಬಿಸಿಕೊಂಡು ಬಂದ. ಕಲ್ಲು ತಂದ, ಮರಳು ತಂದ. ಮೊದಲ ಕೊಂಬೆ ಮುಚ್ಚಳದ ಬಕೆಟಿನಲ್ಲಿ ಬಂತು. ಬಂದ ಮೂರನೆಯ ದಿನ ಅದು ಕಪ್ಪಾಗಿ ಸತ್ತಿತು. ಗೋಡೆಯ ಮೇಲಿಂದ ಹಾದು ಬಂದ ವಾಸನೆಗೆ ನಮ್ಮ ಮನೆಯಲ್ಲಿ ಊಟ ಸೇರಲಿಲ್ಲ. ಎರಡನೆಯದೂ ಸತ್ತಿತು. ಅದನ್ನು ಬೋಟಿನವನು ಗಾಳಿಯಲ್ಲಿ ಹಿಡಿದು ತೋರಿಸಿ, ಆಮೇಲೆ ನೀರಿಗೆ ಹಾಕಿದ್ದನಂತೆ. ಮೂರನೆಯದನ್ನು ತಂದ ದಿನ ಅದ್ರಾಮ ಲಾರಿಯಲ್ಲಿ ಬಕೆಟನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತು ಬಂದಿದ್ದ. ಮಂಜುಗಡ್ಡೆಯ ಪುಡಿ ತುಂಬಿದ ಬಾಟಲಿಯನ್ನು ಹೊರಗಿನಿಂದ ಒತ್ತಿ ನೀರು ಬಿಸಿಯಾಗದಂತೆ ನೋಡಿಕೊಂಡಿದ್ದ. ಸಿಸ್ಟರ್ ಬಕೆಟಿನಲ್ಲೇ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಬೆರೆಸಿ, ಆಮೇಲೆ ನೀರಿನೊಳಗಿಂದ ನೀರಿನೊಳಗೆ ಅದನ್ನು ದಾಟಿಸಿದರು.

ಒಂಬತ್ತು ದಿನ ಅದು ಕೆಂಪು ಕಡ್ಡಿಯಂತೆ ಸುಮ್ಮನೆ ನಿಂತಿತ್ತು. ಹತ್ತನೆಯ ದಿನ ಬೆಳಿಗ್ಗೆ ಗೋಡೆಯ ಆಚೆಯಿಂದ, "ದೇವಕಿ, ಬನ್ನಿ, ಬೇಗ ಬನ್ನಿ," ಎಂಬ ಕರೆ. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೋಗಿ ನೋಡಿದರೆ, ಕೊಂಬೆಯ ಮೈ ತುಂಬ ಬಿಳಿ ಹೂವು. ಸಾಸಿವೆ ಕಾಳಿಗಿಂತ ತುಸು ದೊಡ್ಡದು ಒಂದೊಂದು. ಒಂದೊಂದಕ್ಕೂ ಎಂಟು ಎಸಳು, ಎಸಳಿಗೆ ಗರಿಯಂತೆ ಅಂಚು. ಸಿಸ್ಟರ್ ಸಿರಿಂಜಿನಿಂದ ಏನೋ ಮಸುಕು ನೀರು ಬಿಟ್ಟರು. ಹೂವುಗಳು ಒಂದೊಂದಾಗಿ ಎಸಳು ಮಡಚಿ ಬಾಯಿಗೆ ಹಾಕಿಕೊಂಡವು.

ಆ ದಿನ ಅವರು ಬಹರೈನಿನ ಕತೆ ಹೇಳಿದರು. ಆಸ್ಪತ್ರೆಯ ಕೆಲಸ ಬಿಟ್ಟು ಆರು ವರ್ಷ ಅವರು ಒಬ್ಬ ಮುದುಕನನ್ನು ನೋಡಿಕೊಂಡಿದ್ದರು. ಹಿಂದೆ ಮುತ್ತಿನ ವ್ಯಾಪಾರ ಮಾಡಿದವ. ಪಾರ್ಶ್ವವಾಯು ಬಡಿದು ಮಾತು ಹೋಗಿತ್ತು. ಅವನ ಕೋಣೆಯಲ್ಲಿ ಗೋಡೆಯಗಲದ ತೊಟ್ಟಿ, ಅದರಲ್ಲಿ ಒಂದು ನೇರಳೆ ಬೀಸಣಿಗೆ. ಅದಕ್ಕೆ ತಿನ್ನಿಸುವಾಗ ಮಾತ್ರ ಮುದುಕನ ಕಣ್ಣು ಹೊರಳುತ್ತಿತ್ತು. ತಿನ್ನಿಸುವ ಆಳು ಬಿಟ್ಟು ಹೋದ ಮೇಲೆ ಸಿಸ್ಟರೇ ಕಲಿತರು. ತಪ್ಪು ಮಾಡಿದರೆ ಮುದುಕ ಕಣ್ಣು ಮುಚ್ಚುತ್ತಿದ್ದ, ಸರಿಯಾದರೆ ತೆರೆಯುತ್ತಿದ್ದ. ಹಾಗೇ ಕಲಿತದ್ದಂತೆ ಎಲ್ಲ.

"ಅವರು ತೀರಿಕೊಂಡ ಮರುದಿನ ಮಕ್ಕಳು ತೊಟ್ಟಿಯನ್ನು ಚರಂಡಿಗೆ ಖಾಲಿ ಮಾಡಿಸಿದ್ರು," ಎಂದರು. "ನಾನು ಬ್ಯಾಗ್ ಕಟ್ತಾ ಇದ್ದೆ. ನೀರಿನ ಶಬ್ದ ಕೇಳ್ತಾ ಇತ್ತು."

ಆಮೇಲೆ ನಾನು ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಆಗಾಗ ಹೋಗಿ ನೋಡುತ್ತಿದ್ದೆ. ಅದರ ಆರೈಕೆ ಒಂದು ರೋಗಿಯದ್ದಕ್ಕಿಂತ ಕಡಿಮೆಯದಲ್ಲ. ಮರುವಾಯಿ ಚಿಪ್ಪಿನ ಮಾಂಸ, ಸಿಗಡಿ ಎರಡನ್ನೂ ನುಣ್ಣಗೆ ಅರೆದು, ಗಾಯಕ್ಕೆ ಕಟ್ಟುವ ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ದಿನಕ್ಕೆ ಮೂರು ಹೊತ್ತು ತಿನ್ನಿಸುವುದು. ಮಧ್ಯಾಹ್ನದ ಹೊತ್ತಿಗಾಗಿಯೇ ನರ್ಸಿಂಗ್ ಹೋಮಿನಿಂದ ನಡೆದು ಬಂದು, ತಿನ್ನಿಸಿ, ತಾನು ನಿಂತುಕೊಂಡೇ ಎರಡು ತುತ್ತು ಉಂಡು ಹೋಗುವುದು. ತಿನ್ನಿಸಿದ್ದು ಹೆಚ್ಚಾದರೆ ನೀರು ಕೆಡುತ್ತದೆ, ಕಡಿಮೆಯಾದರೆ ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಸಣ್ಣಗಾಗುತ್ತದೆ. ಬೀಸಣಿಗೆ ನೀರಿನ ಸೆಳೆತಕ್ಕೆ ಅಡ್ಡವಾಗಿ ನಿಲ್ಲಬೇಕು. ಆಗಲೇ ಅದಕ್ಕೆ ಆಹಾರ ತಾಗುವುದು, ಮೈಮೇಲಿನ ಕೊಳೆ ಹೋಗುವುದು. ಅದಕ್ಕಾಗಿ ಗಾಳಿ ಪಂಪಿನ ಕೊಳವೆಯನ್ನು ಹೇಗೆಲ್ಲ ತಿರುಗಿಸಿ ಕಟ್ಟಿದ್ದರೋ! ಬೆಳಕು ಬಿದ್ದರೆ ಕೊಂಬೆಗೆ ಪಾಚಿ ಹತ್ತಿ ಉಸಿರು ಕಟ್ಟುತ್ತದೆ ಎಂದು ಆ ಕತ್ತಲೆಯ ಮೂಲೆ.

ನೀರಿನ ಉಪ್ಪು ಸರಿಯಾಗಿದೆಯೇ ಎಂದು ನೋಡಲು ಒಂದು ತೇಲುವ ಗಾಜಿನ ಕಡ್ಡಿ ಇತ್ತು. ಒಂದು ದಿನ ನಾನು ಅದನ್ನು ಕೈಯಲ್ಲಿ ಹಿಡಿದು, "ಇದು ಎಲ್ಲಿ ಸಿಗ್ತದೆ?" ಎಂದೆ.

"ನರ್ಸಿಂಗ್ ಹೋಮಿನಲ್ಲಿ. ಮೂತ್ರ ಪರೀಕ್ಷೆ ಮಾಡುದು ಅದರಲ್ಲಿ," ಎಂದರು. ನಾನು ಥಟ್ಟನೆ ಕೆಳಗಿಟ್ಟೆ. ಸಿಸ್ಟರ್ ನಕ್ಕರು. "ಹೆದರ್ಬೇಡಿ ಮಾರಾಯ್ರೆ, ಕುದಿಸಿದ್ದೇನೆ."

ಕೆಲವೊಮ್ಮೆ ಬೀಸಣಿಗೆ ಹೂವೆಲ್ಲ ಒಳಗೆಳೆದುಕೊಂಡು, ಮೇಣ ಬಳಿದಂತಾಗಿ, ನಾಲ್ಕೈದು ದಿನ ಹೆಣದಂತೆ ನಿಲ್ಲುತ್ತಿತ್ತು. ಮೊದಲ ಸಲ ನಾನು ಹೋಯಿತು ಎಂದೇ ತಿಳಿದೆ. "ಸತ್ತದ್ದಲ್ಲ," ಎಂದರು ಸಿಸ್ಟರ್. "ಪೊರೆ ಬಿಡ್ತಾ ಉಂಟು. ಈಗ ಮುಟ್ಟುದು, ಕೆರೆಯುದು ಎಲ್ಲ ಮಾಡ್ಬಾರ್ದು. ಕಾಯುದು ಅಷ್ಟೇ." ಅವರಿಗೆ ಕಾಯುವುದು ಚೆನ್ನಾಗಿ ಗೊತ್ತಿತ್ತು.

ಅವರ ಮನೆಗೆ ನಾನು, ಅದ್ರಾಮ ಬಿಟ್ಟರೆ ಮೂರನೆಯವರು ಬಂದದ್ದು ಕಡಿಮೆ. ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ಅಲ್ಲಿ ಎಲ್ಲ ಕೊಂಕಣಿಯವರು, ಪೂಜೆಯೂ ಕೊಂಕಣಿಯಲ್ಲಿ. ಇವರು ಮಲಯಾಳಂನವರು. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಿದ್ದರು. ಒಂದು ಸಲ ನನ್ನೊಡನೆ ಹೇಳಿದ್ದರು, "ಪ್ರಾರ್ಥನೆ ಎಲ್ಲ ಬಾಯಿಪಾಠ ಉಂಟು. ಅವರು ಹಾಡುವಾಗ ಮಾತ್ರ ಬಾಯಿ ಮುಚ್ಚಿ ನಿಲ್ಬೇಕಾಗ್ತದೆ." ಇನ್ನೊಮ್ಮೆ, "ನನ್ನನ್ನು ರೋಸಿಲೀಂತ ಕರೆಯುವವರು ಈಗ ಯಾರೂ ಇಲ್ಲ. ಅಪ್ಪಚ್ಚನ್ ಹೋದ ಮೇಲೆ ನಾನು ಸಿಸ್ಟರ್, ಇಲ್ಲಾಂದ್ರೆ ಚೇಚಿ," ಎಂದರು. ಚೇಚಿ ಎಂದರೆ ಅವರ ಮಲಯಾಳಂನಲ್ಲಿ ಅಕ್ಕ. ನಾನು ಹೂಂಗುಟ್ಟಿದೆ. ಆಮೇಲೂ ಸಿಸ್ಟರ್ ಎಂದೇ ಕರೆದೆ. ಹಿರಿಯರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮಲ್ಲಿಲ್ಲ.

ಮಳೆಗಾಲ ಅವರ ಪಾಲಿಗೆ ಪರೀಕ್ಷೆ. ಜೂನಿನಿಂದ ಬೋಟು ಇಳಿಯುವುದಿಲ್ಲ, ಕಡಲಿನ ಅಂಚಿಗೆ ನೇತ್ರಾವತಿಯ ಕೆಂಪು ನೀರು. ಅದಕ್ಕಾಗಿ ಮೇ ತಿಂಗಳಲ್ಲೇ ಹದಿನಾಲ್ಕು ಡಬ್ಬಿ ನೀರು ತರಿಸಿ ಮಂಚದಡಿ ಕತ್ತಲಲ್ಲಿ ಸಾಲಾಗಿ ಇಡುತ್ತಿದ್ದರು. ೧೯೮೪ರ ಜುಲೈಯಲ್ಲಿ ಗಾಳಿಗೆ ಎಲ್ಲೆಲ್ಲೋ ಮರ ಬಿದ್ದು ಮೂರು ದಿನ ಕರೆಂಟು ಇಲ್ಲವಾಯಿತು. ಗಾಳಿ ಪಂಪು ನಿಂತಿತು. ಸಿಸ್ಟರ್ ಮಳೆಯಲ್ಲೇ ಮಾಯಿಲಪ್ಪನ ಪಂಕ್ಚರ್ ಅಂಗಡಿಗೆ ಹೋಗಿ ಒಂದು ಹಳೆಯ ಲಾರಿ ಟ್ಯೂಬು, ಒಂದು ಕೈಪಂಪು ತಂದರು. ಟ್ಯೂಬಿನ ಬಾಯಿಗೆ ರೋಗಿಗಳಿಗೆ ಡ್ರಿಪ್ ಹಾಕುವ ನಳಿಗೆಯನ್ನು ಸಿಕ್ಕಿಸಿ, ಅದರ ಪುಟ್ಟ ಚಕ್ರವನ್ನು ತಿರುಗಿಸಿ, ಗಾಳಿ ಗುಳ್ಳೆ ಗುಳ್ಳೆಯಾಗಿ ತೊಟ್ಟಿಗೆ ಇಳಿಯುವಂತೆ ಮಾಡಿದರು. ಟ್ಯೂಬು ತುಂಬಿಸಿದರೆ ಮುಕ್ಕಾಲು ಗಂಟೆ ಬರುತ್ತಿತ್ತು. ಮತ್ತೆ ತುಂಬಿಸಬೇಕು. ಎರಡು ದಿನ ರಜೆ ಹಾಕಿ, ಅಲಾರಂ ಇಟ್ಟುಕೊಂಡು, ಅವರು ಒಬ್ಬರೇ ತುಂಬಿಸಿದರು.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಜನ ಕಳಿಸಿದರು. ಕಷ್ಟದ ಹೆರಿಗೆ, ಕೂಡಲೇ ಬರಬೇಕು ಎಂದು. ಸಿಸ್ಟರ್ ನನ್ನ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ದೇವಕಿ, ಮುಕ್ಕಾಲು ಗಂಟೆಗೊಮ್ಮೆ ಪಂಪು ಹೊಡೀಬೇಕು. ಆಗ್ತದಾ?"

"ಅದಕ್ಕೆಂತ? ನೀವು ಹೋಗಿ ಬನ್ನಿ."

ಎರಡು ಸಲ ಹೊಡೆದೆ. ಅಷ್ಟರಲ್ಲಿ ಸುಳ್ಯದಿಂದ ನನ್ನ ನಾದಿನಿ, ಅವಳ ಗಂಡ ನೆನೆದುಕೊಂಡು ಬಂದರು. ಒಲೆ ಹಚ್ಚಿದೆ, ಕಾಫಿ ಮಾಡಿದೆ, ಊಟಕ್ಕೆ ಏಳಿಸಿದೆ, ಮಾತಿಗೆ ಕೂತೆ. ನೆನಪಾದದ್ದು ಮೂರು ಗಂಟೆಗೆ. ಓಡಿ ಹೋಗಿ ನೋಡಿದರೆ ಟ್ಯೂಬು ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು. ನೀರು ಅಲ್ಲಾಡುತ್ತಿರಲಿಲ್ಲ. ಬೀಸಣಿಗೆಯ ಒಂದು ಬದಿ ಜೋತು, ಅದರಿಂದ ಲೋಳೆ ಇಳಿಯುತ್ತಿತ್ತು. ಕೈ ಸೋಲುವಷ್ಟು ಪಂಪು ಹೊಡೆದೆ.

ಸಿಸ್ಟರ್ ಸಂಜೆಗೆ ಬಂದರು. ತಾಯಿ, ಮಗು ಎರಡೂ ಉಳಿದಿದ್ದವು. ಅವರು ತೊಟ್ಟಿಯ ಮುಂದೆ ನಿಂತಾಗ ನಾನೇ ಹೇಳಿದೆ, "ಟ್ಯೂಬು ಲೀಕು ಕಾಣ್ತದೆ ಸಿಸ್ಟರ್. ಎಷ್ಟು ಹೊಡೆದ್ರೂ ನಿಲ್ಲುದಿಲ್ಲ."

"ಹಳೇ ಟ್ಯೂಬು ಅಲ್ವಾ," ಎಂದರು ಅವರು.

ಆಮೇಲೆ ಅವರು ಮಾಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕತ್ತರಿ, ಚಿಮಟ ಎರಡನ್ನೂ ಕುದಿಸಿದರು. ನೀರಿನೊಳಗೇ ಕೈ ಇಳಿಸಿ, ಕಪ್ಪಾದ ಭಾಗದಿಂದ ಬೆರಳಗಲ ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸಿದರು. ಕೊಳೆತದ್ದನ್ನು ಬಿಟ್ಟರೆ ಅದು ಮುಂದೆ ಮುಂದೆ ಹೋಗುತ್ತದಂತೆ. ಎರಡು ಗೇಣಿನ ಬೀಸಣಿಗೆಯಲ್ಲಿ ಉಳಿದದ್ದು ಅಂಗೈಯಗಲ. ಅದರ ಬುಡದ ಸಿಪ್ಪೆ ಸುಲಿದು, ಒಳಗಿನ ಕಪ್ಪು ಕಡ್ಡಿಯನ್ನು ಕಲ್ಲಿನ ತೂತಿಗೆ ಸಿಕ್ಕಿಸಿ, ಗಾಯ ಹೊಲಿಯುವ ದಾರದಿಂದ ಕಟ್ಟಿದರು. ಮಂಚದಡಿಯ ಡಬ್ಬಿಗಳಿಂದ ಅರ್ಧ ನೀರು ಬದಲಾಯಿಸಿದರು. ನಾನು ಡಬ್ಬಿ ಎತ್ತಿಕೊಟ್ಟೆ. ಕತ್ತಲಾಗುವ ಮೊದಲು ಕರೆಂಟು ಬಂತು.

ಒಂದೂವರೆ ತಿಂಗಳು ಅದು ಬಾಯಿ ಬಿಡಲಿಲ್ಲ. ನಾನು ದಿನಾ ಏನಾದರೊಂದು ನೆವ ಮಾಡಿ ಹೋಗುತ್ತಿದ್ದೆ. ಹುಳಿ ಕೊಡಲು, ಪೇಪರು ಕೊಡಲು. ಹೋದರೆ ಮೊದಲು ನೋಡುವುದು ಮೂಲೆಯನ್ನು. ಕೊನೆಗೆ ಆಗಸ್ಟ್ ಕಳೆಯುವ ಹೊತ್ತಿಗೆ ಬುಡದಲ್ಲಿ ಕೆಂಪು ಸಿಪ್ಪೆ ಕಲ್ಲಿನ ಮೇಲೆ ಹರಡತೊಡಗಿತು. ಮೂರು ಹೂವು ಬಿಟ್ಟವು. ಆ ದಿನ ನನಗೆ ತಡೆಯಲಾಗಲಿಲ್ಲ.

"ಸಿಸ್ಟರ್, ಟ್ಯೂಬು ಲೀಕ್ ಇರ್ಲಿಲ್ಲ. ನಾನು ಮರ್ತದ್ದು."

ಅವರು ಸಿರಿಂಜಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತುಂಟು. ಅದೇ ದಿನ ಟ್ಯೂಬನ್ನು ಬಕೆಟಿನಲ್ಲಿ ಮುಳುಗಿಸಿ ನೋಡಿದ್ದೆ. ಒಂದು ಗುಳ್ಳೆ ಬರ್ಲಿಲ್ಲ."

"ಮತ್ತೆ ಯಾಕೆ ನೀವು ಏನೂ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇಲ್ಲಿಗೆ ಬರುದು ನಿಲ್ಲಿಸ್ತಿದ್ರಿ."

ಅವರು ತಿನ್ನಿಸುವುದನ್ನು ಮುಗಿಸಿ ಸಿರಿಂಜು ತೊಳೆಯಲು ಒಳಗೆ ಹೋದರು. ನಾನು ಆ ಮಡಚುವ ಕುರ್ಚಿಯಲ್ಲಿ ಕೂತೇ ಇದ್ದೆ.

ಮರುವರ್ಷ ಈಸ್ಟರ್ ಮುಗಿದ ವಾರ ತಮ್ಮ ಟೋಮಿ ಜೀಪಿನಲ್ಲಿ ಬಂದ. ಎರಡೂವರೆ ವರ್ಷದಲ್ಲಿ ಅವನು ಬಂದದ್ದು ಅದು ಎರಡನೆಯ ಸಲ. ಮಲಯಾಳಂನಲ್ಲಿ ಅವರಿಬ್ಬರ ಮಾತು ಗೋಡೆಯ ಈಚೆಗೂ ಕೇಳುತ್ತಿತ್ತು. ಮಲಯಾಳಂ ಅಷ್ಟಿಷ್ಟು ನನಗೂ ತಿಳಿಯುತ್ತದೆ. ಅವನ ಹೆಂಡತಿಯ ತಾಯಿ ಕುಂಜಮ್ಮ ಹಾಸಿಗೆ ಹಿಡಿದಿದ್ದರು. ಹೊರಗಿನವರನ್ನು ಇಟ್ಟರೆ ಸರಿಯಾಗಿ ನೋಡಿಕೊಳ್ಳುವುದಿಲ್ಲ. ಚೇಚಿ ಇದ್ದರೆ ಎಲ್ಲರಿಗೂ ಧೈರ್ಯ. ಚೇಚಿಗೂ ಮನೆಯವರ ಜೊತೆ ಇದ್ದಂತಾಯಿತು ಎಂದ ಅವನು.

ಸಿಸ್ಟರ್ ಕೇಳಿದರು, "ನಾನು ಎಲ್ಲಿ ಮಲಗುದು ಟೋಮಿ?"

"ಕುಂಜಮ್ಮನ ಕೋಣೆಯಲ್ಲೇ ಒಂದು ಮಂಚ ಹಾಕುದು. ರಾತ್ರಿ ಎದ್ದರೆ ಯಾರಾದ್ರೂ ಬೇಕಲ್ಲ."

"ಈ ತೊಟ್ಟಿ?"

ಅವನು ತೊಟ್ಟಿಯನ್ನು ಆಗ ಮೊದಲ ಸಲ ಸರಿಯಾಗಿ ನೋಡಿದನೇನೋ. "ಇದನ್ನಾ? ಹೊಗೆಮನೆಯ ಹತ್ತಿರ ಇಡುವ," ಎಂದ. ರಬ್ಬರ್ ಶೀಟು ಹೊಗೆಯಲ್ಲಿ ಒಣಗಿಸುವ ಗುಡಿಸಲು ಅದು.

ಸಿಸ್ಟರ್ ಹೋಗಲಿಲ್ಲ. ಕುಂಜಮ್ಮನನ್ನು ನೋಡಲು ತಿಂಗಳಿಗೊಮ್ಮೆ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ಮೀಯಿಸಿ, ಹಾಸಿಗೆಯ ಹುಣ್ಣಿಗೆ ಮದ್ದು ಹಾಕಿ, ಸಂಜೆಯ ಬಸ್ಸಿಗೆ ಬರುತ್ತಿದ್ದರು. ಆ ದಿನಗಳಲ್ಲಿ ಮಧ್ಯಾಹ್ನದ ಆಹಾರ ತಿನ್ನಿಸುವುದು ನನ್ನ ಕೆಲಸ. ಒಮ್ಮೆಯೂ ಮರೆಯಲಿಲ್ಲ. ಆದರೆ ಚೇಚಿಗೆ ನೀರಿನ ಹುಳ ದೊಡ್ಡದಾಯಿತು ಎಂಬ ಮಾತು ಕಡಬದಲ್ಲಿ ಹರಡಿತು. ಕುಂಜಮ್ಮ ತೀರಿಕೊಂಡಾಗ ಸುದ್ದಿ ಬಂದದ್ದು ಮಣ್ಣಾಗಿ ಎರಡು ದಿನ ಕಳೆದು, ಒಂದು ಕಾರ್ಡಿನಲ್ಲಿ. ಎಕ್ಸ್‌ಚೇಂಜಿನಲ್ಲಿ ನಾನೇ ಇದ್ದೆ. ಒಂದು ಫೋನು ಮಾಡಿದ್ದರೆ ಐದು ನಿಮಿಷದಲ್ಲಿ ತಿಳಿಸುತ್ತಿದ್ದೆ. ಸಿಸ್ಟರ್ ಕಾರ್ಡನ್ನು ಓದಿ, ಮಡಚಿ, ಬೈಬಲಿನಲ್ಲಿ ಇಟ್ಟರು. ಆ ವರ್ಷದ ಕ್ರಿಸ್ಮಸ್ಸಿಗೆ ಅವರ ಬಾಗಿಲಿಗೆ ಬಂದದ್ದು ಅದ್ರಾಮ ಒಬ್ಬನೇ. ಅವನ ಹೆಂಡತಿ ನೆಬೀಸ ಅಕ್ಕಿ ಹಿಟ್ಟಿನ ನೈಪತ್ತಲ್ ಕರಿದು ಕಳಿಸಿದ್ದಳು.

ಅದ್ರಾಮನ ವಿಷಯ ಹೇಳಬೇಕು. ೧೯೮೬ರಲ್ಲಿ ಅವನಿಗೆ ಬಹರೈನಿಗೆ ವೀಸಾ ಆಗುವ ಸೂಚನೆ ಬಂತು. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಏಜೆಂಟು ಕೊಟ್ಟ ಇಂಗ್ಲಿಷ್ ಕಾಗದಗಳನ್ನು ಹಿಡಿದುಕೊಂಡು ಬಂದ. ಸಿಸ್ಟರ್ ಕನ್ನಡಕ ಹಾಕಿಕೊಂಡು ಸಾಲು ಸಾಲು ಓದಿದರು. ಒಂದು ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ, "ಇಲ್ಲಿ ರಜೆಯ ಮಾತಿಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಕಳಿಸ್ತೇವೇಂತ ಬರೆಸು. ಬರೆಸದೆ ಸಹಿ ಹಾಕ್ಬೇಡ," ಎಂದರು. ಅರ್ಜಿ ತುಂಬಿಸಿಕೊಟ್ಟರು. ಅಲ್ಲಿ ಕಾಯಿಲೆ ಬಿದ್ದರೆ ಯಾರನ್ನು ಕಾಣಬೇಕು ಎಂದು ತನ್ನ ಹಳೆಯ ಗೆಳತಿಯ ವಿಳಾಸ ಕೊಟ್ಟರು. ದಿನಾ ಮೀನು ಮಾರಿ ಬಂದವನನ್ನು ಜಗಲಿಯಲ್ಲಿ ಕೂರಿಸಿ ಹತ್ತಿಪ್ಪತ್ತು ಅರಬಿ ಮಾತು ಕಲಿಸಿದರು. ಅವನು ಹೇಳುವುದು, ಇವರು ತಿದ್ದುವುದು. ಆ ಹದಿನೈದು ದಿನ ಆ ಜಗಲಿಯಲ್ಲಿ ನಗು ಕೇಳಿಸಿತು.

ಒಂದು ದಿನ ನಾನೇ ಕೇಳಿಬಿಟ್ಟೆ, "ಇವ ಹೋದ್ರೆ ನಿಮಗೆ ನೀರು ತರುದು ಯಾರು ಸಿಸ್ಟರ್?"

ಅವರು ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು, "ಅವನೆದುರು ಆ ಮಾತು ತೆಗಿಬೇಡಿ. ಮೂರು ಹೆಣ್ಣುಮಕ್ಕಳಿದ್ದಾರೆ ಅವನಿಗೆ. ನೀರಿನ ನೆನಪಾದ್ರೆ ಆ ಮಾರಾಯ ಹಿಂದೆಮುಂದೆ ನೋಡ್ತಾನೆ."

ಹೊರಡುವ ಮುನ್ನಾದಿನ ಅದ್ರಾಮನಿಗೇ ನೆನಪಾಯಿತು. ದಕ್ಕೆಯ ಒಬ್ಬ ಬೋಟಿನವನಿಗೆ ಹೇಳಿಟ್ಟಿದ್ದೇನೆ, ಆಳದಲ್ಲಿ ಡಬ್ಬಿ ತುಂಬಿಸಿ ಇಡುತ್ತಾನೆ, ತರುವುದಕ್ಕೆ ಮಾತ್ರ ಯಾರನ್ನಾದರೂ ನೋಡಬೇಕು ಎಂದ. "ನೋಡುವ," ಎಂದರು ಸಿಸ್ಟರ್. ಅವನು ಹೋಗುವಾಗ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತು, "ಇಷ್ಟು ವರ್ಷ ತಂದು ಹಾಕಿದೆ, ಇವತ್ತಿಗೂ ಇದು ಪ್ರಾಣೀಂತ ನನಗೆ ನಂಬ್ಲಿಕ್ಕೆ ಆಗುದಿಲ್ಲ ಸಿಸ್ಟರೇ," ಎಂದು ನಕ್ಕ. ಕಣ್ಣು ಒರೆಸಿಕೊಂಡು ಹೋದ.

ಆ ಮೇಲೆ ಹದಿನೈದು ದಿನಕ್ಕೊಮ್ಮೆ, ಭಾನುವಾರ, ಸಿಸ್ಟರ್ ತಾವೇ ಮಂಗಳೂರಿಗೆ ರೈಲಿನಲ್ಲಿ ಹೋಗತೊಡಗಿದರು. ಬೆಳಗಿನ ಪೂಜೆ ತಪ್ಪಿಹೋಯಿತು. ದಕ್ಕೆಯಲ್ಲಿ ಐಸಿನ ಪೆಟ್ಟಿಗೆಗಳ ನಡುವೆ ಬಿಳಿ ಸೀರೆಯ ಹೆಂಗಸು ಬೋಟು ಬರುವುದನ್ನು ಕಾಯುತ್ತಾ ನಿಲ್ಲುವುದನ್ನು ನೋಡಿ, ಇವರ ಯಾರೋ ಕಡಲಿಗೆ ಹೋಗಿ ಬಂದಿಲ್ಲವೇನೋ ಎಂದು ಒಬ್ಬ ಮುದುಕಿ ಕೈ ಹಿಡಿದು ಸಮಾಧಾನ ಹೇಳಿದ್ದಳಂತೆ. "ನೀವೆಂತ ಹೇಳಿದ್ರಿ?" ಎಂದು ಕೇಳಿದೆ. "ಎಂತ ಹೇಳ್ಲಿ? ಕೈ ಬಿಡಿಸಿಕೊಳ್ಳಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದರು.

ಎರಡೂ ಕೈಯಲ್ಲಿ ಎರಡು ಡಬ್ಬಿ ಹಿಡಿದು ಅವರು ಸ್ಟೇಷನ್ನಿನಿಂದ ಹಾರಾಡಿಯ ಏರನ್ನು ಹತ್ತಿ ಬರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೆಲವು ಸಲ ಅಚ್ಚುತ ಎದುರು ಹೋಗಿ ಒಂದು ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಕೆಲವು ಸಲ ನಾವು ಊರಲ್ಲಿ ಇರುತ್ತಿರಲಿಲ್ಲ.

೧೯೮೮ರ ಮೇ ತಿಂಗಳಲ್ಲಿ ಅಚ್ಚುತರಿಗೆ ಸುಳ್ಯದ ಕಡೆಗೆ ವರ್ಗವಾಯಿತು. ನಾನೂ ಅಲ್ಲಿನ ಎಕ್ಸ್‌ಚೇಂಜಿಗೆ ಕೇಳಿ ಹಾಕಿಸಿಕೊಂಡೆ. ಸಾಮಾನು ಲಾರಿಗೆ ಏರಿಸುವಾಗ ಸಿಸ್ಟರ್ ಡ್ಯೂಟಿಯಲ್ಲಿದ್ದರು. ಬಾಗಿಲಿಗೆ ಒಂದು ಪೊಟ್ಟಣ ಸಿಕ್ಕಿಸಿ ಹೋಗಿದ್ದರು. ಮಗಳಿಗೊಂದು ಥರ್ಮಾಮೀಟರು, ಜ್ವರದ ಗುಳಿಗೆ, ಎಷ್ಟು ಹೊತ್ತಿಗೆ ಎಷ್ಟು ಕೊಡಬೇಕು ಎಂದು ಬರೆದ ಚೀಟಿ. ವಿದಾಯದ ಮಾತು ಒಂದೂ ಇರಲಿಲ್ಲ. ನಾನು ಎರಡು ಕಾಗದ ಬರೆದೆ. ಎರಡಕ್ಕೂ ಉತ್ತರ ಬಂತು. ಮೂರನೆಯದನ್ನು ಬರೆಯಬೇಕಾದವಳು ನಾನೇ. ಬರೆಯಲಿಲ್ಲ.

ಮುಂದಿನ ವರ್ಷ ಡಿಸೆಂಬರಿನಲ್ಲಿ ಹಲ್ಲಿನ ಡಾಕ್ಟರನ್ನು ಕಾಣಲು ಪುತ್ತೂರಿಗೆ ಹೋಗಿದ್ದೆ. ಮಧ್ಯಾಹ್ನ ಹಾರಾಡಿಗೆ ನಡೆದೆ. ನಮ್ಮ ಮನೆಯಲ್ಲಿ ಬೇರೆಯವರಿದ್ದರು. ಅವರು ಗೋಡೆಯನ್ನು ಹಂಚಿನವರೆಗೆ ಕಟ್ಟಿಸಿಕೊಂಡಿದ್ದರು, ವಾಸನೆ ಬರುತ್ತದೆಂದು. ಸಿಸ್ಟರ್ ಬಾಗಿಲು ತೆಗೆದು ನನ್ನನ್ನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಆಮೇಲೆ ಎರಡೂ ಕೈ ಹಿಡಿದು ಒಳಗೆ ಕರೆದೊಯ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಣಕಾಲಿಗೆ ಬಟ್ಟೆ ಬಿಗಿದಿದ್ದರು. ರೈಲಿಗೆ ಹೋಗುವುದು ಈಗ ತಿಂಗಳಿಗೊಮ್ಮೆ, ಒಂದೇ ಡಬ್ಬಿ ಎಂದರು.

ತೊಟ್ಟಿಯ ಮುಂದೆ ನಿಂತು ನಾನು ದಂಗಾದೆ. ಅಂಗೈಯಗಲದ್ದು ಮತ್ತೆ ಗೇಣು ದಾಟಿತ್ತು. ಅದರ ಬದಿಯಲ್ಲಿ ಬೇರೆ ಬೇರೆ ಕಲ್ಲಿನ ಮೇಲೆ ಇನ್ನೂ ಮೂರು ಸಣ್ಣವು. ಎಲ್ಲ ಅದರಿಂದಲೇ ತೆಗೆದು ನೆಟ್ಟ ತುಂಡುಗಳು. ನಾಲ್ಕೂ ಮೈ ತುಂಬ ಅರಳಿದ್ದವು.

"ಇಕ್ಕಟ್ಟಾಗ್ತಾ ಉಂಟು," ಎಂದರು ಸಿಸ್ಟರ್. "ಒಂದಕ್ಕೊಂದು ತಾಗಿದ್ರೆ ಆಗುದಿಲ್ಲ. ಯಾರಿಗಾದ್ರೂ ಕೊಡ್ಬೇಕು." ನನ್ನ ಕಡೆ ತಿರುಗಿದರು. "ನಿಮಗೆ ಒಂದು ಕೊಡ್ಲಾ ದೇವಕಿ? ನಿಮಗೆ ಎಲ್ಲ ಗೊತ್ತುಂಟಲ್ಲ. ತಿನ್ನಿಸುದು, ಪೊರೆ ಬಿಡುವಾಗ ಕಾಯುದು, ಎಲ್ಲ. ಸಣ್ಣ ತೊಟ್ಟಿ ಸಾಕು. ನಾನು ಮಾಡಿ ಕೊಡ್ತೇನೆ."

ನಾನು ಲೆಕ್ಕ ಹಾಕಿದೆ. ಸುಳ್ಯದಿಂದ ಕಡಲು ಎಷ್ಟು ದೂರ, ನನ್ನ ಶಿಫ್ಟು, ಮಗಳ ಶಾಲೆ, ದಿನಕ್ಕೆ ಮೂರು ಹೊತ್ತು. "ಸುಳ್ಯಕ್ಕೆ ನೀರು ತರುದು ಹೇಗೆ ಸಿಸ್ಟರ್?" ಎಂದೆ. "ಕೊಂಡುಹೋಗಿ ಸಾಯಿಸುದು ಆಗ್ತದೆ."

"ಅದೂ ಹೌದು," ಎಂದರು ಅವರು, ಕೂಡಲೇ. ಆ ಮಾತನ್ನು ನಾನು ಹೇಳಲಿ ಎಂದೇ ಕಾಯುತ್ತಿದ್ದವರಂತೆ.

ಗಡಿಯಾರ ನೋಡಿದರು. ತಿನ್ನಿಸುವ ಹೊತ್ತಾಗಿತ್ತು. ಒಳಗೆ ಹೋಗಿ ಅರೆದದ್ದನ್ನು ಸೋಸಿ ತಂದರು. ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಸಿರಿಂಜನ್ನು ನೀರಿಗೆ ಇಳಿಸಿದರು. ಕೊಡಿ, ನಾನು ತಿನ್ನಿಸುತ್ತೇನೆ ಎಂದೆ. ಬೇಡ, ನಿಮ್ಮ ಬಸ್ಸು ತಪ್ಪುತ್ತದೆ ಎಂದರು. ನಾಲ್ಕಕ್ಕೂ ತಿನ್ನಿಸಿ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಮುಗಿಯುವವರೆಗೂ ನಾನು ಕೂತಿದ್ದೆ. ಆಮೇಲೆ ಎದ್ದು, ಹೋಗಿ ಬರುತ್ತೇನೆ ಎಂದು ಹೇಳಿ, ಐದು ಗಂಟೆಯ ಸುಳ್ಯದ ಬಸ್ಸು ಹಿಡಿದೆ.